ಶಾಂತ ಸಾಗರದ ಅಶಾಂತ ಚಳಿಗಾಲ

ಚಂಡಮಾರುತ ಎಂದೊಡನೆ ನಮಗೆ ನೆನಪಾಗುವುದು ಬಂಗಾಳ ಕೊಲ್ಲಿ. ಬೆಚ್ಚಗಿನ ಕಡಲು, ಮೇಲೇರುವ ತೇವದ ಗಾಳಿ, ಸುತ್ತುವ ಮೋಡ - ಇದು ಉಷ್ಣವಲಯದ ಚಂಡಮಾರುತದ ಚಿತ್ರ. ಆದರೆ ತಣ್ಣನೆಯ ಕಡಲಿನ ಮೇಲೆ, ಅದೂ ಚಳಿಗಾಲದಲ್ಲೇ ಹುಟ್ಟುವ ಇನ್ನೊಂದು ಬಗೆಯ ಬಿರುಗಾಳಿ ಇದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಅಂದರೆ ಕ್ಯಾಲಿಫೋರ್ನಿಯದ ಉತ್ತರ ಭಾಗ, ಆರೆಗಾನ್, ವಾಷಿಂಗ್ಟನ್ ರಾಜ್ಯಗಳು ಹಾಗೂ ಕೆನಡದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯದಲ್ಲಿ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇಂಥ ಬಿರುಗಾಳಿಗಳು ಸಾಲುಗಟ್ಟಿ ಬರುತ್ತವೆ. ಇವುಗಳ ಒಂದೂವರೆ ಶತಮಾನದ ಚರಿತ್ರೆ ಹವಾಮಾನ ವಿಜ್ಞಾನ ಬೆಳೆದ ಬಗೆಯನ್ನೂ ಹೇಳುತ್ತದೆ. 'ಪ್ರಕೃತಿ ವಿಕೋಪ' ಎಂದು ನಾವು ಕರೆಯುವುದರಲ್ಲಿ ಪ್ರಕೃತಿಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂಬ ಪ್ರಶ್ನೆಯನ್ನೂ ಎತ್ತುತ್ತದೆ.

ಕಡಲು ಮತ್ತು ಬೆಟ್ಟದ ನಡುವೆ

ಈ ಪ್ರದೇಶದ ರಚನೆ ಸರಳ. ಪಶ್ಚಿಮಕ್ಕೆ ಪೆಸಿಫಿಕ್ ಸಾಗರ. ಕಡಲಿಗೆ ಅಂಟಿಕೊಂಡಂತೆ ಕರಾವಳಿ ಬೆಟ್ಟಗಳು. ವಾಷಿಂಗ್ಟನ್ ರಾಜ್ಯದಲ್ಲಿ ಇವು 2,400 ಮೀಟರಿಗೂ ಎತ್ತರದ ಒಲಿಂಪಿಕ್ ಪರ್ವತಗಳಾಗಿ ಏಳುತ್ತವೆ. ಒಳನಾಡಿನ ತಗ್ಗಿನಲ್ಲಿ ಸಿಯಾಟಲ್, ಪೋರ್ಟ್‌ಲೆಂಡ್ ಮುಂತಾದ ನಗರಗಳಿವೆ. ಅವುಗಳ ಪೂರ್ವಕ್ಕೆ ಗೋಡೆಯಂತೆ ಕ್ಯಾಸ್ಕೇಡ್ ಪರ್ವತಶ್ರೇಣಿ ನಿಂತಿದೆ. ಅದರ ಅತ್ಯುನ್ನತ ಶಿಖರ ಮೌಂಟ್ ರೇನಿಯರ್ 4,392 ಮೀಟರ್ ಎತ್ತರವಿದೆ.

ಕಡಲಿನಿಂದ ಬಂದ ತೇವದ ಗಾಳಿ ಬೆಟ್ಟ ಹತ್ತುವಾಗ ಹಿಗ್ಗಿ ತಣಿಯುತ್ತದೆ. ಆವಿ ಸಾಂದ್ರೀಕರಿಸಿ ಮಳೆಯಾಗುತ್ತದೆ, ಎತ್ತರದಲ್ಲಿ ಹಿಮವಾಗುತ್ತದೆ. ಆಗುಂಬೆಯಲ್ಲಿ ಮಳೆ ಸುರಿದು ಚಿತ್ರದುರ್ಗ ಒಣಗಿರುವುದಕ್ಕೆ ಕಾರಣವಾದ ತತ್ತ್ವವೇ ಇಲ್ಲಿಯದೂ. ಒಲಿಂಪಿಕ್ ಪರ್ವತಗಳ ಪಶ್ಚಿಮದ ಹೋ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆಯಾದರೆ, ಬೆಟ್ಟದ ಈಶಾನ್ಯಕ್ಕೆ ಮಳೆನೆರಳಿನಲ್ಲಿರುವ ಸ್ಕ್ವಿಮ್ ಊರಿಗೆ ಸಿಗುವುದು ಸುಮಾರು 400 ಮಿ.ಮೀ. ಮಾತ್ರ. ಮೌಂಟ್ ಬೇಕರ್ ಹಿಮಕ್ರೀಡಾ ಕೇಂದ್ರದಲ್ಲಿ 1998-99ರ ಋತುವಿನಲ್ಲಿ ಬಿದ್ದ ಹಿಮದ ಒಟ್ಟು ಮೊತ್ತ ಸುಮಾರು 29 ಮೀಟರ್!

ವ್ಯತ್ಯಾಸವಿರುವುದು ಕಾಲದಲ್ಲಿ. ನಮಗೆ ಮಳೆ ತರುವುದು ಬೇಸಿಗೆಯ ನಂತರದ ಮಾನ್ಸೂನ್. ಅವರಿಗೆ ಚಳಿಗಾಲದ ಬಿರುಗಾಳಿ.

ದೋಣಿಯಲ್ಲಿ ಬಂದ ಗವರ್ನರ್

1861ರ ಡಿಸೆಂಬರಿನಲ್ಲಿ ಆರಂಭವಾದ ಮಳೆ ಮುಂದಿನ ಜನವರಿಯವರೆಗೂ ವಾರಗಟ್ಟಲೆ ಸುರಿಯಿತು. ಆರೆಗಾನ್‌ನ ವಿಲಾಮೆಟ್ ನದಿ ಉಕ್ಕಿ ಶಾಂಪೂಯೆಗ್ ಎಂಬ ಊರನ್ನು ತೊಳೆದುಕೊಂಡು ಹೋಯಿತು. 1843ರಲ್ಲಿ ಆ ಸೀಮೆಯ ವಲಸಿಗರು ಸಭೆ ಸೇರಿ ತಮ್ಮದೇ ತಾತ್ಕಾಲಿಕ ಸರಕಾರ ರಚಿಸಲು ಮತ ಹಾಕಿದ್ದು ಅದೇ ಊರಿನಲ್ಲಿ. ದಕ್ಷಿಣಕ್ಕೆ, ಕ್ಯಾಲಿಫೋರ್ನಿಯದ ಮಧ್ಯ ಕಣಿವೆ ಸುಮಾರು 480 ಕಿ.ಮೀ. ಉದ್ದದ ಸರೋವರವಾಯಿತು. 1862ರ ಜನವರಿ 10ರಂದು ಹೊಸ ಗವರ್ನರ್ ಲೀಲಂಡ್ ಸ್ಟಾನ್‌ಫರ್ಡ್ ಅಧಿಕಾರ ಸ್ವೀಕಾರಕ್ಕೆ ರಾಜಧಾನಿ ಸ್ಯಾಕ್ರಮೆಂಟೊದ ಬೀದಿಗಳಲ್ಲಿ ದೋಣಿಯಲ್ಲೇ ಹೋಗಬೇಕಾಯಿತು. ಶಾಸನಸಭೆ ಸ್ವಲ್ಪಕಾಲ ಸ್ಯಾನ್‌ಫ್ರಾನ್ಸಿಸ್ಕೊಗೆ ಸ್ಥಳಾಂತರಗೊಂಡಿತು.

ಅಂದು ಆ ಮಳೆ ಎಲ್ಲಿಂದ ಬಂತೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಮಳೆಮಾಪಕಗಳು ಅಲ್ಲೊಂದು ಇಲ್ಲೊಂದು ಇದ್ದವು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಆರಂಭವಾದದ್ದೇ 1870ರಲ್ಲಿ. ಅದು ತಂತಿ ಮೂಲಕ ವರದಿಗಳನ್ನು ಕೂಡಿಸಿ ನಕ್ಷೆ ಬರೆಯತೊಡಗಿದಾಗಲೂ ಒಂದು ತೊಡಕಿತ್ತು. ಈ ಬಿರುಗಾಳಿಗಳು ಬರುವುದು ಪಶ್ಚಿಮದಿಂದ, ಪಶ್ಚಿಮದಲ್ಲಿರುವುದು ಕಡಲು. ಅಲ್ಲಿ ತಂತಿ ಕಚೇರಿ ಇರಲಿಲ್ಲ.

ವೆಲಿಂಗ್ಟನ್: ದೈವದ ಕೆಲಸವೇ?

ರೈಲ್ವೆ ಕಂಪನಿಗಳು ಕ್ಯಾಸ್ಕೇಡ್ ಶ್ರೇಣಿಯನ್ನು ದಾಟಿದ ಮೇಲೆ ಹೊಸ ಅಪಾಯವೊಂದು ಸೇರಿಕೊಂಡಿತು. 1910ರ ಫೆಬ್ರವರಿ ಕೊನೆಯ ವಾರದಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಯ ಒಂದು ಪ್ರಯಾಣಿಕ ರೈಲು ಮತ್ತು ಒಂದು ಅಂಚೆ ರೈಲು ಸ್ಟೀವನ್ಸ್ ಕಣಿವೆದಾರಿಯ ವೆಲಿಂಗ್ಟನ್ ಎಂಬ ಪುಟ್ಟ ನಿಲ್ದಾಣದಲ್ಲಿ ಸಿಕ್ಕಿಬಿದ್ದವು. ಹಿಮ ಎಡೆಬಿಡದೆ ಸುರಿಯುತ್ತಿತ್ತು. ಮುಂದೆಯೂ ಹಿಂದೆಯೂ ಹಳಿಯ ಮೇಲೆ ಹಿಮ ಕುಸಿದಿತ್ತು. ಹಿಮ ಸರಿಸುವ ಯಂತ್ರಗಳೂ ಸಿಕ್ಕಿಕೊಂಡವು. ಕೆಲವರು ಧೈರ್ಯ ಮಾಡಿ ನಡೆದೇ ಕೆಳಗಿಳಿದರು. ರೈಲನ್ನು ಹತ್ತಿರದ ಸುರಂಗದೊಳಕ್ಕೆ ಸರಿಸಿರೆಂದು ಕೆಲವು ಪ್ರಯಾಣಿಕರು ಕೇಳಿಕೊಂಡರು. ಹೊಗೆ ಮತ್ತು ಚಳಿಯ ಕಾರಣದಿಂದ ಅದು ಆಗಲಿಲ್ಲ.

ಅಷ್ಟರಲ್ಲಿ ಹವೆ ಬದಲಾಯಿತು. ಬೆಚ್ಚನೆಯ ಗಾಳಿ ಬೀಸಿ, ಹಿಮದ ಬದಲು ಮಳೆ ಬಿತ್ತು. ಗುಡುಗು, ಮಿಂಚು ಬಂದವು. ಮಾರ್ಚ್ 1ರಂದು ನಡುರಾತ್ರಿ ಒಂದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಇಳಿಜಾರಿನ ಹಿಮರಾಶಿ ಒಟ್ಟಿಗೇ ಕಳಚಿ, ಎರಡೂ ರೈಲುಗಳನ್ನು ಕೆಳಗಿನ ಟೈ ನದಿಯ ಕಮರಿಗೆ ದೂಡಿತು. 96 ಮಂದಿ ಸತ್ತರು. ಅಮೆರಿಕದ ಚರಿತ್ರೆಯಲ್ಲಿ ಇಷ್ಟು ಜನರನ್ನು ಬಲಿ ತೆಗೆದುಕೊಂಡ ಹಿಮಕುಸಿತ ಇನ್ನೊಂದಿಲ್ಲ.

ಮೂರೇ ದಿನಗಳ ನಂತರ, ಮಾರ್ಚ್ 4ರಂದು, ಬ್ರಿಟಿಷ್ ಕೊಲಂಬಿಯದ ರಾಜರ್ಸ್ ಕಣಿವೆದಾರಿಯಲ್ಲಿ ರೈಲುಹಳಿಯ ಮೇಲೆ ಬಿದ್ದ ಹಿಮವನ್ನು ತೆಗೆಯುತ್ತಿದ್ದ ಕೆಲಸಗಾರರ ಮೇಲೆ ಎದುರು ಬೆಟ್ಟದಿಂದ ಇನ್ನೊಂದು ಹಿಮಕುಸಿತ ಬಂತು. 58 ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜಪಾನಿನಿಂದ ವಲಸೆ ಬಂದ ಕೂಲಿಗಳು.

ಇದರ ಭೌತಶಾಸ್ತ್ರವನ್ನು ತಿಳಿಯುವುದು ಕಷ್ಟವಲ್ಲ. ಹಿಮ ಪದರಪದರವಾಗಿ ಕೂಡುತ್ತದೆ. ಪದರಗಳ ನಡುವಿನ ಹಿಡಿತ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಮೇಲೆ ಮಳೆ ಬಿದ್ದಾಗ ಭಾರ ಹೆಚ್ಚುತ್ತದೆ, ಒಳಗಿಳಿದ ನೀರು ಹಿಡಿತವನ್ನು ಸಡಿಲಿಸುತ್ತದೆ. ದಟ್ಟ ಕಾಡಿದ್ದರೆ ಮರಗಳು ಹಿಮವನ್ನು ಹಿಡಿದು ನಿಲ್ಲಿಸುತ್ತವೆ. ವೆಲಿಂಗ್ಟನ್ ಮೇಲಿನ ಇಳಿಜಾರು ಕಾಡ್ಗಿಚ್ಚಿಗೆ ಸಿಕ್ಕಿ ಬೋಳಾಗಿತ್ತು. ಪರಿಹಾರಕ್ಕಾಗಿ ಹೂಡಿದ ಮೊಕದ್ದಮೆಯಲ್ಲಿ ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಇದು ಮನುಷ್ಯರ ಕೈಮೀರಿದ ದೈವಘಟನೆ ಎಂದು ಕಂಪನಿಯ ಪರವಾಗಿ ತೀರ್ಪಿತ್ತಿತು. ಆದರೆ ಕಂಪನಿ ದೈವವನ್ನು ನೆಚ್ಚಿ ಕೂರಲಿಲ್ಲ. ಹಳಿಯ ಮೇಲೆ ಕಾಂಕ್ರೀಟಿನ ಹಿಮಚಾವಣಿ ಕಟ್ಟಿಸಿತು. 1929ರಲ್ಲಿ ಸುಮಾರು 12.5 ಕಿ.ಮೀ. ಉದ್ದದ ಹೊಸ ಸುರಂಗ ತೆರೆದು ಹಳೆಯ ದಾರಿಯನ್ನೇ ಬಿಟ್ಟಿತು. ಕೆನಡದಲ್ಲೂ 1916ರಲ್ಲಿ ಕಾನಾಟ್ ಸುರಂಗ ಸಿದ್ಧವಾಯಿತು. ಮುಂದೆ ಇಂಥ ಕಣಿವೆದಾರಿಗಳ ಹೆದ್ದಾರಿಗಳಲ್ಲಿ ಫಿರಂಗಿ ಗುಂಡು ಹಾರಿಸಿ, ಹಿಮ ಅಪಾಯಕರವಾಗಿ ಕೂಡುವ ಮೊದಲೇ ಬೀಳಿಸುವ ಪದ್ಧತಿಯೂ ಬಂತು.

ಬಿರುಗಾಳಿ ಹುಟ್ಟುವ ಬಗೆ

ಈ ಬಿರುಗಾಳಿಗಳ ಗುಟ್ಟು ತಿಳಿದದ್ದು ಪೆಸಿಫಿಕ್ ತೀರದಲ್ಲಲ್ಲ, ನಾರ್ವೆಯಲ್ಲಿ. ವಿಲ್ಹೆಲ್ಮ್ ಬ್ಯರ್ಕ್ನೆಸ್ ಮತ್ತು ಅವರ ಮಗ ಜೇಕಬ್ ಬ್ಯರ್ಕ್ನೆಸ್ ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬರ್ಗೆನ್ ನಗರದಲ್ಲಿ ಹವಾಮಾನ ಅಧ್ಯಯನದ ಹೊಸ ಪಂಥವನ್ನೇ ಕಟ್ಟಿದರು. ಧ್ರುವದ ಕಡೆಯ ತಣ್ಣನೆಯ ವಾಯುರಾಶಿಯೂ ಉಷ್ಣವಲಯದ ಕಡೆಯ ಬೆಚ್ಚನೆಯ ವಾಯುರಾಶಿಯೂ ಸಂಧಿಸುವ ಗಡಿಯಲ್ಲಿ ಅಲೆಗಳೆದ್ದು, ಅವು ಸುಳಿಯಾಗಿ ಬೆಳೆಯುತ್ತವೆ ಎಂದು ಈ ಪಂಥ ತೋರಿಸಿತು. ಎರಡು ಸೇನೆಗಳು ಎದುರುಬದುರು ನಿಂತ ರಣರಂಗದ ಹೋಲಿಕೆಯಲ್ಲಿ ಆ ಗಡಿಗೆ ವಾತಾಗ್ರ ಎಂಬ ಹೆಸರು ಬಂತು.

ವಿದ್ಯಾರ್ಥಿಗಳು ಇಲ್ಲೊಂದು ಮುಖ್ಯ ವ್ಯತ್ಯಾಸ ಗಮನಿಸಬೇಕು. ಉಷ್ಣವಲಯದ ಚಂಡಮಾರುತಕ್ಕೆ ಶಕ್ತಿ ಮುಖ್ಯವಾಗಿ ಬೆಚ್ಚನೆಯ ಕಡಲಿನ ನೀರಾವಿಯಿಂದ ಬರುತ್ತದೆ. ಚಳಿಗಾಲದ ಬಿರುಗಾಳಿಗೆ ಶಕ್ತಿ ಒದಗಿಸುವುದು ಎರಡು ವಾಯುರಾಶಿಗಳ ನಡುವಿನ ತಾಪವ್ಯತ್ಯಾಸ. ಚಳಿಗಾಲದಲ್ಲಿ ಧ್ರುವ ಮತ್ತು ಉಷ್ಣವಲಯಗಳ ನಡುವೆ ಈ ವ್ಯತ್ಯಾಸ ಅತಿ ಹೆಚ್ಚು. ಕಡಲು ತಣ್ಣಗಿದ್ದರೂ ಬಿರುಗಾಳಿ ಬಲಿಯುವುದು ಇದರಿಂದ. ಕೇಂದ್ರದ ಒತ್ತಡ 24 ಗಂಟೆಗಳಲ್ಲಿ ಸುಮಾರು 24 ಮಿಲಿಬಾರ್ ಇಳಿದರೆ ಅದನ್ನು 'ಬಾಂಬ್' ಎಂದು ಕರೆಯಬಹುದೆಂದು 1980ರಲ್ಲಿ ಫ್ರೆಡ್ ಸ್ಯಾಂಡರ್ಸ್ ಮತ್ತು ಜಾನ್ ಗ್ಯಾಕಮ್ ಸೂಚಿಸಿದರು.

ಮೂರು ಸೇತುವೆಗಳ ಕಥೆ

ವಾಷಿಂಗ್ಟನ್ ರಾಜ್ಯದ ಟಕೋಮ ಸೇತುವೆ ಬಿದ್ದ ಚಲನಚಿತ್ರವನ್ನು ನೋಡದ ಭೌತಶಾಸ್ತ್ರ ಶಿಕ್ಷಕರು ವಿರಳ. 1940ರ ಜುಲೈ 1ರಂದು ಉದ್ಘಾಟನೆಯಾದ ಈ ತೂಗುಸೇತುವೆ ನವೆಂಬರ್ 7ರಂದು ತಿರುಚಿ ತಿರುಚಿ ಮುರಿದು ಬಿತ್ತು. ಅಂದಿನ ಗಾಳಿಯ ವೇಗ ಗಂಟೆಗೆ ಸುಮಾರು 65 ಕಿ.ಮೀ. ಮಾತ್ರ. ಇದಕ್ಕಿಂತ ಎಷ್ಟೋ ಬಲವಾದ ಗಾಳಿಯ ಒತ್ತಡ ತಡೆಯುವಂತೆ ಅದನ್ನು ರೂಪಿಸಲಾಗಿತ್ತು. ಹಲವು ಪಠ್ಯಪುಸ್ತಕಗಳು ಇದನ್ನು ಅನುನಾದಕ್ಕೆ ಉದಾಹರಣೆಯಾಗಿ ಕೊಡುತ್ತವೆ. ಆದರೆ ಸರಳ ಅನುನಾದಕ್ಕೆ ಹೊರಗಿನ ಬಲ ನಿಯತ ಆವೃತ್ತಿಯಲ್ಲಿ ತಳ್ಳುತ್ತಿರಬೇಕು. ಇಲ್ಲಿ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಸೇತುವೆಯ ತಿರುಚುವಿಕೆಯೇ ಗಾಳಿಯ ಬಲವನ್ನು ಬದಲಿಸಿ, ಆ ಬದಲಾದ ಬಲ ತಿರುಚುವಿಕೆಯನ್ನು ಇನ್ನಷ್ಟು ಹೆಚ್ಚಿಸಿತು. ಇದು ಸ್ವಯಂಪ್ರೇರಿತ ಕಂಪನ. ಬಿಲ್ಲಾ ಮತ್ತು ಸ್ಕ್ಯಾನ್ಲನ್ 1991ರಲ್ಲಿ ಈ ಅಂಶವನ್ನು ಭೌತಶಾಸ್ತ್ರ ಶಿಕ್ಷಕರಿಗಾಗಿಯೇ ವಿವರಿಸಿ ಬರೆದರು.

ಎರಡನೆಯದು ಹುಡ್ ಕಾಲುವೆಯ ತೇಲುಸೇತುವೆ. 1979ರ ಫೆಬ್ರವರಿ 13ರ ಬಿರುಗಾಳಿಗೆ ಅದರ ಪಶ್ಚಿಮಾರ್ಧ ಮುಳುಗಿತು. ಸಂಚಾರ ಮೊದಲೇ ನಿಲ್ಲಿಸಿದ್ದರಿಂದ ಪ್ರಾಣಹಾನಿಯಾಗಲಿಲ್ಲ. ಒಲಿಂಪಿಕ್ ಪರ್ವತಗಳ ಮರೆಯಲ್ಲಿ ಸಣ್ಣ ಪ್ರಮಾಣದ ವಾಯುಭಾರ ಕುಸಿತವೊಂದು ಉಂಟಾಗಿ, ಗಾಳಿಯನ್ನು ಆ ಕಿರಿದಾದ ಜಾಗಕ್ಕೆ ಸೆಳೆದಿತ್ತೆಂದು ಹವಾಮಾನ ವಿಜ್ಞಾನಿ ರಿಚರ್ಡ್ ರೀಡ್ ಮರುವರ್ಷ ತೋರಿಸಿದರು. ಬೆಟ್ಟ ಕೆಲವೊಮ್ಮೆ ಗಾಳಿಯನ್ನು ತಡೆಯುತ್ತದೆ, ಕೆಲವೊಮ್ಮೆ ಗಾಳಿಯನ್ನು ಹುಟ್ಟಿಸುತ್ತದೆ!

ಮೂರನೆಯದು ಸಿಯಾಟಲ್‌ನ ವಾಷಿಂಗ್ಟನ್ ಸರೋವರದ ಹಳೆಯ ತೇಲುಸೇತುವೆ. 1990ರ ನವೆಂಬರಿನಲ್ಲಿ ದುರಸ್ತಿ ನಡೆಯುತ್ತಿದ್ದಾಗ ಅದರ ಪೊಳ್ಳು ಕಾಂಕ್ರೀಟ್ ಪೆಟ್ಟಿಗೆಗಳ ಬಾಯಿ ತೆರೆದಿತ್ತು. ರಜೆಯ ದಿನಗಳಲ್ಲಿ ಬಿರುಗಾಳಿ ಬಂತು. ನೀರು ತುಂಬಿ, ನವೆಂಬರ್ 25ರಂದು ಸೇತುವೆ ಮುಳುಗಿತು. ಆರ್ಕಿಮಿಡೀಸನ ತತ್ತ್ವಕ್ಕೆ ಇಷ್ಟು ದುಬಾರಿಯಾದ ಪ್ರಾತ್ಯಕ್ಷಿಕೆ ಅಪರೂಪ.

1962 ಮತ್ತು 1964

1962ರ ಅಕ್ಟೋಬರ್ 12ರಂದು, ಚಳಿಗಾಲ ಇನ್ನೂ ದೂರವಿದ್ದಾಗಲೇ, ಫ್ರೀಡಾ ಎಂಬ ಉಷ್ಣವಲಯದ ಚಂಡಮಾರುತದ ಅವಶೇಷ ತಣ್ಣನೆಯ ವಾಯುರಾಶಿಯೊಡನೆ ಬೆರೆತು ಹೊಸ ಬಲದಿಂದ ತೀರಕ್ಕೆ ಬಂತು. ಆರೆಗಾನ್‌ನ ಕೊರ್ವಾಲಿಸ್‌ನಲ್ಲಿ ಗಾಳಿ ಗಂಟೆಗೆ 200 ಕಿ.ಮೀ. ಮುಟ್ಟಿದಾಗ ವೀಕ್ಷಕರು ಠಾಣೆಯನ್ನೇ ಬಿಟ್ಟು ಹೋಗಬೇಕಾಯಿತು. 46 ಮಂದಿ ಸತ್ತರು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಅಂದು ಉರುಳಿದ ಮರಗಳ ಪ್ರಮಾಣ ಆರೆಗಾನ್ ಮತ್ತು ವಾಷಿಂಗ್ಟನ್ ಎರಡೂ ರಾಜ್ಯಗಳಲ್ಲಿ ಒಂದು ವರ್ಷದಲ್ಲಿ ಕಡಿಯುತ್ತಿದ್ದ ಮರಕ್ಕೆ ಸಮನಾಗಿತ್ತು. ಬಿದ್ದ ಮರಗಳು ಕೊಳೆಯುವ ಮೊದಲು ಮಾರಬೇಕಾಗಿ ಬಂದು, ಜಪಾನಿಗೆ ದಿಮ್ಮಿ ರಫ್ತು ಬೆಳೆಯಿತು.

ಎರಡು ವರ್ಷಗಳ ನಂತರ, 1964ರ ಡಿಸೆಂಬರಿನಲ್ಲಿ, ಮೊದಲು ಕೊರೆಯುವ ಚಳಿಯಿಂದ ನೆಲ ಹೆಪ್ಪುಗಟ್ಟಿ ಹಿಮ ಕೂಡಿತು. ಕ್ರಿಸ್‌ಮಸ್ ಹೊತ್ತಿಗೆ ಹವಾಯಿ ದ್ವೀಪಗಳ ಕಡೆಯಿಂದ ಬೆಚ್ಚನೆಯ ಮಳೆ ಬಂದು ಹಿಮವನ್ನೂ ಕರಗಿಸಿತು. ಹೆಪ್ಪುಗಟ್ಟಿದ ನೆಲ ನೀರು ಹೀರಲಿಲ್ಲ. ಡಿಸೆಂಬರ್ 23ರಂದು ಉತ್ತರ ಕ್ಯಾಲಿಫೋರ್ನಿಯದ ಈಲ್ ನದಿಯಲ್ಲಿ ಸೆಕೆಂಡಿಗೆ 7.52 ಲಕ್ಷ ಘನ ಅಡಿ, ಅಂದರೆ 7.52 ಲಕ್ಷ ಕ್ಯುಸೆಕ್ ನೀರು ಹರಿಯಿತು. ಅಳತೆ ಮಾಡಿದ ಸ್ಕೋಷಿಯ ಊರಿನವರೆಗೆ ಆ ನದಿಯ ಜಲಾನಯನ ಪ್ರದೇಶ ಸುಮಾರು 8,000 ಚದರ ಕಿ.ಮೀ.; ನಮ್ಮ ಕೃಷ್ಣರಾಜಸಾಗರದ ಜಲಾನಯನಕ್ಕಿಂತ ಚಿಕ್ಕದು. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಕನ್ನಂಬಾಡಿಯ ಒಳಹರಿವು ನೋಡುವವರಿಗೆ ಈ ಅಂಕಿಯ ಅರ್ಥ ಹೊಳೆದೀತು.

ಆಕಾಶದ ನದಿಗಳು

ಹವಾಯಿಯ ಕಡೆಯಿಂದ ಬರುವ ಈ ಬೆಚ್ಚನೆಯ ಮಳೆಯನ್ನು ಅಲ್ಲಿನ ಜನ 'ಅನಾನಸ್ ಎಕ್ಸ್‌ಪ್ರೆಸ್' ಎಂದು ಕರೆಯುತ್ತ ಬಂದಿದ್ದರು. 1990ರ ದಶಕದಲ್ಲಿ ಯಾಂಗ್ ಝು ಮತ್ತು ರೆಜಿನಾಲ್ಡ್ ನ್ಯೂಯೆಲ್ ನೀರಾವಿಯ ಇಂಥ ಉದ್ದನೆಯ ಕಿರಿದಾದ ಪಟ್ಟಿಗಳಿಗೆ 'ವಾಯುಮಂಡಲ ನದಿ' ಎಂಬ ಹೆಸರಿಟ್ಟರು. ಬಲವಾದ ಒಂದು ವಾಯುಮಂಡಲ ನದಿ, ಮಿಸಿಸಿಪ್ಪಿ ನದಿ ಸಮುದ್ರ ಸೇರುವಲ್ಲಿ ಸಾಗಿಸುವ ನೀರಿನ ಹಲವು ಪಟ್ಟು ನೀರನ್ನು ಆವಿಯ ರೂಪದಲ್ಲಿ ಸಾಗಿಸಬಲ್ಲದು. 2019ರಲ್ಲಿ ಮಾರ್ಟಿ ರಾಲ್ಫ್ ಮತ್ತು ಸಂಗಡಿಗರು ಇವುಗಳಿಗೆ 1ರಿಂದ 5ರವರೆಗಿನ ಮಾನಕವನ್ನು ರೂಪಿಸಿದರು. ಕೆಳ ಅಂಕೆಯ ನದಿಗಳು ಹೆಚ್ಚಾಗಿ ಜಲಾಶಯ ತುಂಬಿಸುವ ಉಪಕಾರಿಗಳು. ಮೇಲಿನವು ಹೆಚ್ಚಾಗಿ ಹಾನಿಕಾರಕ ಎಂಬುದು ಈ ಮಾನಕದ ವಿಶೇಷ.

ಉಪಗ್ರಹಗಳು ಬಂದು ಕಡಲಿನ ಕತ್ತಲೆ ಕಳೆದರೂ ಒಂದು ಕುರುಡುಮೂಲೆ ಉಳಿದಿತ್ತು. ರೇಡಾರ್ ಅಲೆಗಳನ್ನು ಒಲಿಂಪಿಕ್ ಪರ್ವತಗಳು ತಡೆಯುತ್ತಿದ್ದುದರಿಂದ, ಅವುಗಳ ಆಚೆಯ ಕಡಲಿನ ಮೇಲಿನ ಮಳೆ ಒಳನಾಡಿನ ರೇಡಾರಿಗೆ ಕಾಣುತ್ತಿರಲಿಲ್ಲ. 2007ರ ಡಿಸೆಂಬರಿನ ಬಿರುಗಾಳಿಯಲ್ಲಿ ಶಹೇಲಿಸ್ ನದಿ ಉಕ್ಕಿ, ಸಿಯಾಟಲ್-ಪೋರ್ಟ್‌ಲೆಂಡ್ ಹೆದ್ದಾರಿ ಕೆಲವು ದಿನ ಮುಚ್ಚಿತು. ವಿಶ್ವವಿದ್ಯಾಲಯದ ಹವಾಮಾನ ತಜ್ಞ ಕ್ಲಿಫ್ ಮಾಸ್ ಮತ್ತಿತರರು ವರ್ಷಗಳಿಂದ ಕೇಳುತ್ತಿದ್ದ ಕರಾವಳಿ ರೇಡಾರ್ 2011ರಲ್ಲಿ ಲ್ಯಾಂಗ್ಲಿ ಗುಡ್ಡದ ಮೇಲೆ ಸ್ಥಾಪನೆಯಾಯಿತು.

ಗಾಳಿ ನಿಂತ ಮೇಲಿನ ಸಾವು

2006ರ ಡಿಸೆಂಬರ್ 14-15ರ ಬಿರುಗಾಳಿಯ ಮುನ್ಸೂಚನೆ ಸರಿಯಾಗಿಯೇ ಇತ್ತು. ಹತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ವಿದ್ಯುತ್ ನಿಂತಿತು. ಕೆಲವೆಡೆ ವಾರವಿಡೀ ಬರಲಿಲ್ಲ. ಚಳಿ ತಾಳಲಾರದೆ ಜನ ಮನೆಯೊಳಗೆ ಇದ್ದಿಲ ಒಲೆ ಹೊತ್ತಿಸಿದರು, ಜನರೇಟರ್ ಇಟ್ಟುಕೊಂಡರು. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ನೊಡನೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಬಂಧಿಸಿಕೊಳ್ಳುತ್ತದೆ. ಸಿಯಾಟಲ್ ಸುತ್ತ ಇನ್ನೂರಕ್ಕೂ ಹೆಚ್ಚು ಜನ ವಿಷಪ್ರಭಾವಕ್ಕೆ ಚಿಕಿತ್ಸೆ ಪಡೆದರು, ಹಲವರು ಸತ್ತರು. ಇವರಲ್ಲಿ ಬಹುಪಾಲು ವಲಸೆ ಬಂದವರು. ಇಂಗ್ಲಿಷಿನ ಎಚ್ಚರಿಕೆ ಅವರನ್ನು ಮುಟ್ಟಿರಲಿಲ್ಲ. ಸಿಯಾಟಲ್ ಟೈಮ್ಸ್ ಪತ್ರಿಕೆ ಮುಖಪುಟದಲ್ಲೇ ಹಲವು ಭಾಷೆಗಳಲ್ಲಿ ಎಚ್ಚರಿಕೆ ಅಚ್ಚು ಹಾಕಿತು. ಹವಾಮಾನದ ಸಂಗತಿಯನ್ನು ಜನರ ಭಾಷೆಯಲ್ಲಿ ಹೇಳುವುದು ಜೀವ ಉಳಿಸುವ ಕೆಲಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮರಳಿ ಬಂದ ಸರೋವರ

2021ರ ನವೆಂಬರ್ 14-15ರಂದು ವಾಯುಮಂಡಲ ನದಿಯೊಂದು ಬ್ರಿಟಿಷ್ ಕೊಲಂಬಿಯದ ಮೇಲೆ ಸುರಿಯಿತು. ಹೆದ್ದಾರಿಗಳೂ ರೈಲುದಾರಿಗಳೂ ಕುಸಿದು, ವ್ಯಾಂಕೂವರ್ ನಗರ ಕೆನಡದ ಉಳಿದ ಭಾಗದಿಂದ ನೆಲಮಾರ್ಗದಲ್ಲಿ ಕಡಿದುಹೋಯಿತು. ಒಂದು ಭೂಕುಸಿತದಲ್ಲೇ ಐವರು ಸತ್ತರು. ಆಬಟ್ಸ್‌ಫರ್ಡ್ ಬಳಿಯ ಸೂಮಾಸ್ ಬಯಲಿನಲ್ಲಿ ಲಕ್ಷಾಂತರ ಕೋಳಿಗಳೂ ದನಕರುಗಳೂ ನೀರುಪಾಲಾದವು. ಆ ಬಯಲು ಹಿಂದೆ ಸೂಮಾಸ್ ಸರೋವರವಾಗಿತ್ತು. ಸ್ಥಳೀಯ ಮೂಲನಿವಾಸಿಗಳು ಅದರ ಮೀನನ್ನು ನೆಚ್ಚಿ ಬದುಕಿದ್ದರು. 1920ರ ದಶಕದಲ್ಲಿ ಅದನ್ನು ಬತ್ತಿಸಿ ಹೊಲ ಮಾಡಲಾಯಿತು. ಪ್ರವಾಹ ಬಂದಾಗ ಸರೋವರ ತನ್ನ ಜಾಗಕ್ಕೆ ಮರಳಿತು. ಕೆರೆಯಂಗಳದಲ್ಲಿ ಬಡಾವಣೆ ಕಟ್ಟಿ, ಜೋರು ಮಳೆ ಬಂದಾಗ ದೋಣಿ ಹುಡುಕುವ ಬೆಂಗಳೂರಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

2024ರ ನವೆಂಬರ್ 19ರ 'ಬಾಂಬ್' ಬಿರುಗಾಳಿಯ ಕೇಂದ್ರದಲ್ಲಿ ಒತ್ತಡ ಸುಮಾರು 942 ಮಿಲಿಬಾರಿಗೆ ಇಳಿದಿತ್ತು. ದಿನಗಳ ಮೊದಲೇ ಎಚ್ಚರಿಕೆ ಹೋಗಿತ್ತು. ಮರಗಳುರುಳಿ ಇಬ್ಬರು ಸತ್ತರು, ಲಕ್ಷಾಂತರ ಮನೆಗಳಿಗೆ ವಿದ್ಯುತ್ ಹೋಯಿತು. ಆದರೆ 1962ರಂಥ ಸಾವುಗಳಾಗಲಿಲ್ಲ.

ಮುಂದೇನು? ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7 ಹೆಚ್ಚುತ್ತದೆ. ಭೂಮಿ ಬಿಸಿಯಾದಂತೆ ಆಕಾಶದ ನದಿಗಳು ಇನ್ನಷ್ಟು ತುಂಬಿ ಹರಿಯುತ್ತವೆ. ಬೆಟ್ಟದ ಮೇಲೆ ಹಿಮವಾಗಬೇಕಾದದ್ದು ಮಳೆಯಾಗಿ ಕೂಡಲೇ ಕೆಳಗಿಳಿಯುತ್ತದೆ. ಬಿರುಗಾಳಿಯನ್ನು ತಡೆಯುವ ಶಕ್ತಿ ನಮಗಿಲ್ಲ. ಆದರೆ ಬೋಳಾದ ಇಳಿಜಾರು, ಬಾಯಿ ತೆರೆದ ಪೆಟ್ಟಿಗೆ, ಮುಚ್ಚಿದ ಕೋಣೆಯ ಇದ್ದಿಲು, ಬತ್ತಿಸಿದ ಕೆರೆ - ಇವು ಯಾವುವೂ ಆಕಾಶದಿಂದ ಬಿದ್ದವಲ್ಲ. 1910ರ ದುರಂತಕ್ಕೆ ನ್ಯಾಯಾಲಯ ದೈವದ ಮೇಲೆ ಹೊರಿಸಿದ ಹೊಣೆಯಲ್ಲಿ ಮನುಷ್ಯನ ಪಾಲೆಷ್ಟು ಎಂಬುದನ್ನು ಲೆಕ್ಕ ಹಾಕಲು ಕಲಿಸಿದ್ದು ಆನಂತರದ ವಿಜ್ಞಾನ.