ಬೆಂಡೆಯ ಬೀಜ ಮತ್ತು ನಮ್ಮ ಎರೆ ಭೂಮಿ



ಕಳೆದ ತಿಂಗಳು ಭಾಲ್ಕಿಯಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸರ್, ಹಿತ್ತಲಲ್ಲಿ ಕಾಯಿಪಲ್ಲೆ ಹಾಕಬೇಕೆಂದಿದ್ದೇನೆ, ಎಲ್ಲಕ್ಕಿಂತ ಒಳ್ಳೆಯ ಬೀಜ ಯಾವುದು?" ಎಂದು ಕೇಳಿದ. ನಾನು ಇತಿಹಾಸ ಕಲಿಸಿದವನು, ಕೃಷಿ ಪಂಡಿತನಲ್ಲ. ಆದರೆ ಈ ಪ್ರಶ್ನೆಗೂ ಒಂದು ಇತಿಹಾಸವಿದೆ, ಮತ್ತು ಅದರಲ್ಲಿ ನಮ್ಮ ಮನೆಯ ಪಾಲೂ ಇದೆ.

1982ರ ಬೇಸಿಗೆ. ನನ್ನ ಬಿ.ಎಡ್. ಪ್ರವೇಶಕ್ಕೆ ಹಣ ಬೇಕಾಗಿತ್ತು. ಔರಾದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಬಾವಿಯ ಪಕ್ಕದ ಅರ್ಧ ಎಕರೆಗೆ ಅಪ್ಪ ಬೆಂಡೆ ಬಿತ್ತಿದರು. ಆಗ ಎಲ್ಲರ ಬಾಯಲ್ಲೂ ಇದ್ದ ಬೀಜ 'ಪೂಸಾ ಸಾವನಿ'. ಗಿಡ ಮೊಣಕಾಲೆತ್ತರ ಬರುವಷ್ಟರಲ್ಲಿ ಎಲೆಯ ನರಗಳು ಹಳದಿಯಾದವು. ಹದಿನೈದು ದಿನಗಳಲ್ಲಿ ಹೊಲವೆಲ್ಲ ಅರಿಸಿನ ಚೆಲ್ಲಿದಂತಾಯಿತು. ಬಿಟ್ಟ ಕಾಯಿಗಳೂ ಬಿಳಿಚಿಕೊಂಡು ನಾರುಗಟ್ಟಿದವು. ಕೆಲವರು ದೃಷ್ಟಿ ತಗುಲಿತೆಂದರು. ನಾಲ್ಕಕ್ಷರ ಕಲಿತ ಅಹಂಕಾರದಲ್ಲಿ ನಾನು, ನೀರು ಹೆಚ್ಚು ಕಟ್ಟಿದ್ದೇ ತಪ್ಪು ಎಂದು ಅಪ್ಪನನ್ನೇ ದೂರಿದೆ. ಅವರು ಎದುರಾಡಲಿಲ್ಲ. ಅವ್ವನ ಪಾಟ್ಲಿಗಳು ಸಾವಕಾರನ ಪೆಟ್ಟಿಗೆ ಸೇರಿದವು, ನಾನು ಕಾಲೇಜು ಸೇರಿದೆ. ಅಪ್ಪ ಮತ್ತೆಂದೂ ಬೆಂಡೆ ಬಿತ್ತಲಿಲ್ಲ.

ಆ ರೋಗದ ಹೆಸರು ಹಳದಿ ನಂಜು ರೋಗ. ಬೆಂಡೆಯಲ್ಲಿ ಅದು ಮೊದಲು ದಾಖಲಾದದ್ದು 1924ರಲ್ಲಿ, ಅಂದಿನ ಮುಂಬಯಿ ಪ್ರಾಂತದಲ್ಲಿ. ಬಿಳಿ ನೊಣವೆಂಬ ಸಣ್ಣ ಕೀಟ ಗಿಡದಿಂದ ಗಿಡಕ್ಕೆ ಅದನ್ನು ಹೊತ್ತೊಯ್ಯುತ್ತದೆ. ಒಮ್ಮೆ ತಗುಲಿದ ಗಿಡಕ್ಕೆ ಮದ್ದಿಲ್ಲ. ಆದುದರಿಂದ ರೋಗ ತಾಳಬಲ್ಲ ತಳಿಯನ್ನೇ ಹುಡುಕಬೇಕಾಯಿತು. 1960ರ ಸುಮಾರಿಗೆ ದೆಹಲಿಯ ವಿಜ್ಞಾನಿಗಳು, ರೋಗವಿದ್ದರೂ ಲಕ್ಷಣ ತೋರದ ಪಶ್ಚಿಮ ಬಂಗಾಳದ ಒಂದು ತಳಿಯನ್ನು ಸಂಕರಕ್ಕೆ ಬಳಸಿ ಪೂಸಾ ಸಾವನಿಯನ್ನು ರೂಪಿಸಿದರು. ಅದು ದೇಶದಲ್ಲೆಲ್ಲ ಹರಡಿತು. ಆದರೆ ವರ್ಷಗಳು ಉರುಳಿದಂತೆ ಅದರ ತಾಳಿಕೆಯ ಶಕ್ತಿ ಕುಂದಿತು. ಅಪ್ಪ ಬಿತ್ತಿದ್ದು ಆ ಶಕ್ತಿ ಉಡುಗಿದ ಕಾಲದಲ್ಲಿ. ತಪ್ಪು ಅವರದಲ್ಲ, ತಳಿ ರೂಪಿಸಿದವರದೂ ಅಲ್ಲ. ರಾಜವಂಶಗಳಂತೆ ತಳಿಗಳಿಗೂ ಏಳುಬೀಳುಗಳಿವೆ.

1980ರ ದಶಕದ ನಡುವಿನಲ್ಲಿ ಪರಭಣಿಯ ಮರಾಠವಾಡಾ ಕೃಷಿ ವಿಶ್ವವಿದ್ಯಾಲಯದ ಜಂಭಳೆ ಮತ್ತು ನೇರಕರ್ ಎಂಬ ವಿಜ್ಞಾನಿಗಳು 'ಪರಭಣಿ ಕ್ರಾಂತಿ'ಯನ್ನು ಹೊರತಂದರು. ಸೋತ ಪೂಸಾ ಸಾವನಿಯನ್ನೇ ಬೆಂಡೆಯ ಕಾಡು ಸಂಬಂಧಿಯೊಂದಿಗೆ ಸಂಕರಗೊಳಿಸಿ ಅವರು ಇದನ್ನು ಪಡೆದರು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಇದೇ ದಾರಿಯಲ್ಲಿ 'ಅರ್ಕಾ ಅನಾಮಿಕಾ'ವನ್ನು ನೀಡಿತು.

ಇಲ್ಲಿ ನಮ್ಮ ಜಿಲ್ಲೆಯ ಇತಿಹಾಸವನ್ನು ನೆನೆಯಬೇಕು. 1956ರವರೆಗೆ ಬೀದರವೂ ಪರಭಣಿಯೂ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು. ಆ ವರ್ಷ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. ಅದುವರೆಗೆ ನಮ್ಮದೇ ಜಿಲ್ಲೆಯ ತಾಲ್ಲೂಕುಗಳಾಗಿದ್ದ ಉದಗೀರ, ನೀಲಂಗಾಗಳು ಮುಂಬಯಿ ರಾಜ್ಯಕ್ಕೆ ಹೋದವು. ಗಡಿ ಬದಲಾಯಿತು, ಮಣ್ಣು ಬದಲಾಗಲಿಲ್ಲ. ಔರಾದದ ಎರೆ ಭೂಮಿಗೂ ಬಿಸಿಲಿಗೂ ಬೆಂಗಳೂರಿಗಿಂತ ಮರಾಠವಾಡಾವೇ ಹತ್ತಿರದ ನೆಂಟ. ಬೀಜ ಆರಿಸುವಾಗ ಭೂಪಟದ ಗೆರೆಯನ್ನಲ್ಲ, ಮಣ್ಣಿನ ಬಣ್ಣವನ್ನು ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಒಂದೇ ಜಿಲ್ಲೆಯೊಳಗೂ ಈ ಮಾತು ಸಲ್ಲುತ್ತದೆ. ಬೀದರ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಬಹಮನಿಯರ ಕೋಟೆಯ ಕಂದಕವನ್ನು ಕಡಿದದ್ದು ಅದೇ ಕಲ್ಲಿನಲ್ಲಿ. ಅದರ ಮೇಲಿನ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗಿಹೋಗುತ್ತದೆ. ಅಲ್ಲಿ ತಿಪ್ಪೆಗೊಬ್ಬರವೂ ಮೇಲಿಂದ ಮೇಲೆ ನೀರೂ ಬೇಕು. ಭಾಲ್ಕಿ, ಔರಾದಗಳ ಎರೆ ಮಣ್ಣು ನೀರನ್ನು ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮಳೆಗಾಲದಲ್ಲಿ ಬೇರು ಕೊಳೆಯದಂತೆ ಅಲ್ಲಿ ಬೆಂಡೆಯನ್ನು ಬೋದಿನ ಮೇಲೆ ಊರಬೇಕು. ಗಜ್ಜರಿಯಂಥ ಗಡ್ಡೆ ಆ ಜಿಗುಟು ಮಣ್ಣಿನಲ್ಲಿ ನೇರವಾಗಿ ಇಳಿಯಲಾರದು. ಬದನೆ ಎರಡು ಮಣ್ಣಿಗೂ ಹೆಚ್ಚು ಕಡಿಮೆ ಹೊಂದಿಕೊಳ್ಳುತ್ತದೆ.

ಹಾಗಾದರೆ ಭಾಲ್ಕಿಯ ಶಿಷ್ಯನಿಗೆ ನನ್ನ ಉತ್ತರವೇನು? ಎಲ್ಲ ಊರಿಗೂ ಎಲ್ಲ ಕಾಲಕ್ಕೂ ಒಳ್ಳೆಯದಾದ ಬೀಜವೆಂಬುದಿಲ್ಲ. ಅರ್ಕಾ ಅನಾಮಿಕಾ, ಪರಭಣಿ ಕ್ರಾಂತಿಗಳಲ್ಲೂ ಈಚೆಗೆ ಹಳದಿ ರೋಗ ಕಾಣುತ್ತಿದೆ. ಆದ್ದರಿಂದ ಹಳೆಯ ಕೀರ್ತಿಯನ್ನು ನಂಬಿ ಹೊಲವೆಲ್ಲ ಒಂದೇ ಬೀಜ ಬಿತ್ತಬೇಡ. ನಿನ್ನಂಥದೇ ಮಣ್ಣಿರುವ ನೆರೆಯವನ ಹೊಲದಲ್ಲಿ ಹೋದ ವರ್ಷ ಯಾವುದು ಉಳಿಯಿತೆಂದು ವಿಚಾರಿಸು. ಎರಡು ಮೂರು ತಳಿಗಳನ್ನು ಒಂದೊಂದು ಸಾಲು ಹಾಕಿ ನೋಡು. ಹಳದಿಯಾದ ಗಿಡವನ್ನು ಕಂಡ ಕೂಡಲೇ ಕಿತ್ತು ಹೂಳು. ಹೈಬ್ರಿಡ್ ಅಲ್ಲದ ತಳಿಯಾದರೆ, ಕಡೆಯವರೆಗೂ ಹಸಿರಾಗಿ ನಿಂತ ಗಿಡದ ಕಾಯನ್ನು ಬೀಜಕ್ಕೆ ಬಿಡು. ಜೇನುನೊಣಗಳು ತಳಿಗಳನ್ನು ಬೆರೆಸುವುದರಿಂದ ಆ ಸಾಲು ಬೇರೆ ಬೆಂಡೆಯಿಂದ ದೂರವಿರಲಿ.

ಪೂಸಾ ಸಾವನಿಯ ಈ ಕಥೆಯನ್ನು ನಾನು ಓದಿ ತಿಳಿದದ್ದು ನಿವೃತ್ತಿಯ ನಂತರ. ಅಷ್ಟರಲ್ಲಿ ಅಪ್ಪ ಇರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ, ಕಾರಣ ತಿಳಿಯದೆ ಯಾರನ್ನೂ ದೂರಬಾರದು ಎಂದು ಪಾಠ ಹೇಳಿದವನು ನಾನು. ಆ ಪಾಠವನ್ನು ಮೊದಲು ಕಲಿಯಬೇಕಾಗಿದ್ದವನೂ ನಾನೇ.

ನಿಮ್ಮ ಹಿತ್ತಲಿನಲ್ಲಿ ಯಾವ ತಳಿ ನಿಂತಿತು, ಯಾವುದು ಸೋತಿತು ಎಂಬುದನ್ನು ಮಣ್ಣಿನ ಬಣ್ಣದ ಸಹಿತ ಬರೆದು ತಿಳಿಸಿರಿ.