ಕೃಷ್ಣೆಯ ನೀರೂ ರಾಜ್ಯಗಳ ಒಕ್ಕೂಟವೂ



ವಿಜಯಪುರವೆಂದೊಡನೆ ಗೋಳಗುಮ್ಮಟವನ್ನು ನೆನೆಯುವುದು ನಮ್ಮೆಲ್ಲರ ವಾಡಿಕೆ. ಈ ಹೊತ್ತು ಆ ನಗರದ ನೀರನ್ನು ಕುರಿತು ಆಲೋಚಿಸೋಣ. ಆದಿಲ್‌ಶಾಹಿಯವರ ಕಾಲದಲ್ಲಿ ತೊರವಿಯ ಕಡೆಯಿಂದಲೂ, 1651ರಲ್ಲಿ ನಿರ್ಮಿಸಲ್ಪಟ್ಟ ಬೇಗಂ ತಲಾಬಿನಿಂದಲೂ ನೆಲದೊಳಗಣ ನಾಳಗಳ ಮೂಲಕ ಊರಿಗೆ ನೀರು ಬರುತ್ತಿದ್ದಿತು. ಕೆರೆಯೂ ಊರೂ ಒಬ್ಬನೇ ಸುಲ್ತಾನನವು. ನೆರೆಯವರ ಒಪ್ಪಿಗೆಯನ್ನು ಬೇಡುವ ಪ್ರಮೇಯವೇ ಇರಲಿಲ್ಲ.

ಕೃಷ್ಣೆಯ ಸಂಗತಿ ಹಾಗಲ್ಲ. ಮಹಾಬಳೇಶ್ವರದಲ್ಲಿ ಹುಟ್ಟಿ, ಕರ್ನಾಟಕವನ್ನು ಹಾಯ್ದು, ತೆಲುಗು ನಾಡಿನಲ್ಲಿ ಕಡಲನ್ನು ಸೇರುವ ಈ ನದಿಗೆ ಪಾಲುಗಾರರು ಹಲವರು. ಇಂತಹ ವ್ಯಾಜ್ಯಗಳ ತೀರ್ಮಾನಕ್ಕೆ ಶಾಸನಮಾಡುವ ಅಧಿಕಾರವನ್ನು ಸಂವಿಧಾನದ 262ನೆಯ ವಿಧಿಯು ಪಾರ್ಲಿಮೆಂಟಿಗೆ ಇತ್ತಿತು. ಅದರಂತೆ 1956ರಲ್ಲಿ ಅಂತರರಾಜ್ಯ ಜಲವಿವಾದಗಳ ಕಾಯಿದೆ ಹುಟ್ಟಿತು. ವಿಜಾಪುರ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರನ್ನು ಸೇರಿದುದೂ ಅದೇ ವರ್ಷ.

1969ರಲ್ಲಿ ನೇಮಕಗೊಂಡ ಬಚಾವತ್ ನ್ಯಾಯಾಧಿಕರಣವು 1973ರಲ್ಲಿ ತೀರ್ಪಿತ್ತಿತು. ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ದೊರೆಯುವುದೆಂದು ನಂಬಬಹುದಾದ ನೀರು 2060 ಟಿ.ಎಂ.ಸಿ. ಎಂದು ಎಣಿಸಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿತು. ಮರುಹರಿವಿನ ಲೆಕ್ಕ ಬೇರೆ. ಆದರೆ ಹಂಚಿಕೆಗಿಂತ ಹೆಚ್ಚಾಗಿ ನಮ್ಮ ಗಮನವನ್ನು ಸೆಳೆಯತಕ್ಕುದು ಅದರ ‘ಬಿ’ ಯೋಜನೆ. ಮಿಗುವ ನೀರನ್ನೂ ಕೊರತೆಯನ್ನೂ ಮೂವರೂ ಹಂಚಿಕೊಳ್ಳಬೇಕು, ಅದನ್ನು ನಡೆಯಿಸಲು ಕೃಷ್ಣಾ ಕಣಿವೆ ಪ್ರಾಧಿಕಾರವೊಂದಿರಬೇಕು ಎಂಬುದು ಅದರ ಸಾರ. ಅದಕ್ಕೆ ರಾಜ್ಯಗಳ ಒಡಂಬಡಿಕೆಯಾದರೂ ಬೇಕಿತ್ತು, ಇಲ್ಲವೆ ಪಾರ್ಲಿಮೆಂಟಿನ ಶಾಸನವಾದರೂ ಬೇಕಿತ್ತು. ಎರಡೂ ಒದಗಲಿಲ್ಲ. ಪಾಲುಪತ್ರವನ್ನು ಬರೆಯುವುದಕ್ಕೆ ನ್ಯಾಯಾಧೀಶರು ಸಾಕು. ಮಳೆ ತಪ್ಪಿದ ವರ್ಷ ಅಣೆಕಟ್ಟಿನ ಬಾಗಿಲನ್ನು ತೆರೆಯುವವರಾರೆಂಬುದಕ್ಕೆ ನಿತ್ಯವೂ ಕುಳಿತಿರುವ ಸಭೆಯೊಂದು ಬೇಕಲ್ಲವೆ? ಆ ಸಭೆ ಏರ್ಪಡದೆ ಹೋದುದೇ ಈ ಇತಿಹಾಸದ ದೊಡ್ಡ ಕೊರತೆಯೆಂದು ನಮ್ಮ ಅಭಿಪ್ರಾಯ.

ಮುಂದೆ ಆಲಮಟ್ಟಿಯ ಎತ್ತರವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2000ದಲ್ಲಿ ಅದಕ್ಕೆ 519.6 ಮೀಟರಿನ ಮಿತಿ ಬಿದ್ದಿತು. ಎರಡನೆಯ ನ್ಯಾಯಾಧಿಕರಣವು 2010ರಲ್ಲಿ 524.256 ಮೀಟರಿಗೆ ಸಮ್ಮತಿಯಿತ್ತು, ಕೃಷ್ಣಾ ಮೇಲ್ದಂಡೆ ಯೋಜನೆಗೆ 130 ಟಿ.ಎಂ.ಸಿ.ಯನ್ನು ಹೇಳಿತು. ರಾಜಪತ್ರದಲ್ಲಿ ಅಚ್ಚಾಗದೆ ಅದು ಜಾರಿಗೆ ಬಾರದು. 2011ರಲ್ಲಿ ಆ ಪ್ರಕಟಣೆಗೆ ನ್ಯಾಯಾಲಯದ ತಡೆ ಬಂದಿತು. 2014ರಲ್ಲಿ ಕೃಷ್ಣಾ ನದಿ ನಿರ್ವಹಣಾ ಮಂಡಳಿಯೇನೋ ಹುಟ್ಟಿತು, ಆದರೆ ಅದು ಆಂಧ್ರ ತೆಲಂಗಾಣಗಳೆರಡಕ್ಕೆ ಮಾತ್ರ.

ಈಚೆಗೆ ತಾಲ್ಲೂಕುಗಳಾದ ತಿಕೋಟಾ, ಬಬಲೇಶ್ವರಗಳ ಒಣನೆಲಕ್ಕೆ ಜಮಖಂಡಿ ಸೀಮೆಯ ತುಬಚಿಯಿಂದ ಕೃಷ್ಣೆಯನ್ನು ಏತದಿಂದೆತ್ತಿ ತರಲಾಗಿದೆ. ಮಹಾಬಳೇಶ್ವರದ ಮಳೆ ಬಬಲೇಶ್ವರದ ದ್ರಾಕ್ಷಿಯ ಬಳ್ಳಿಯನ್ನು ಮುಟ್ಟುವ ಮುನ್ನ ಇಷ್ಟೆಲ್ಲ ಕಾಗದಗಳನ್ನು ಹಾಯ್ದು ಬರಬೇಕಾಗಿದೆ.