ಬೆಕ್ಕುಗಳಿಗೊಂದು ತೋಟ

ಈದ್‌ಗೆ ಇನ್ನೆರಡು ದಿನ ಇರುವಾಗ ನಮ್ಮ ಮನೆಯ ಮಕ್ಕಳ ನಡುವೆ ಜೋರು ಚರ್ಚೆ. ಎಲ್ಲರಿಗೂ ಹೊಸ ಬಟ್ಟೆ ಬಂದಿದೆ, ಬೆಕ್ಕಿಗೇನು? ಒಬ್ಬಳಿಗೆ ಗೆಜ್ಜೆ ಕಟ್ಟಿದ ಕೊರಳಪಟ್ಟಿಯೇ ಆಗಬೇಕು, ಇನ್ನೊಬ್ಬನಿಗೆ ಅಂಗಡಿಯಲ್ಲಿ ತೂಗುಹಾಕಿದ ರಬ್ಬರ್ ಇಲಿ. ಬೆಕ್ಕು ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಮೀನಿನ ವಾಸನೆ ಹಿಡಿಯುತ್ತಿತ್ತು. ನನಗೆ ಕೈರೋ ನಗರದ ಹಳೆಯ ಉಡುಗೊರೆಯೊಂದು ನೆನಪಾಯಿತು.

ಮುಸ್ಲಿಮರ ಮನೆಗಳಲ್ಲಿ ಬೆಕ್ಕಿಗೆ ಸಲಿಗೆ ಜಾಸ್ತಿ. ಬೆಕ್ಕನ್ನು ಕೂಡಿಹಾಕಿ, ಅನ್ನ ನೀರು ಕೊಡದೆ ಸಾಯಿಸಿದ ಹೆಣ್ಣು ನರಕಕ್ಕೆ ಅರ್ಹಳಾದಳೆಂಬ ಪ್ರವಾದಿ(ಸ)ಯವರ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅತಿ ಹೆಚ್ಚು ಹದೀಸ್ ವರದಿ ಮಾಡಿದ ಸಹಾಬಿಯ ಅಡ್ಡಹೆಸರೇ ಅಬೂಹುರೈರಾ, ಅಂದರೆ ಬೆಕ್ಕಿನ ಮರಿಯವರು. ಮುಯಿಝ್ಝಾ ಎಂಬ ಬೆಕ್ಕಿಗಾಗಿ ಪ್ರವಾದಿಯವರು ಅಂಗಿಯ ತೋಳನ್ನೇ ಕತ್ತರಿಸಿದರೆಂಬ ಕಥೆ ಬಹಳ ಪ್ರಚಲಿತ. ಆದರೆ ಹದೀಸ್ ಗ್ರಂಥಗಳಲ್ಲಿ ಅದಕ್ಕೆ ಆಧಾರವಿಲ್ಲ. ಕಥೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಅದನ್ನು ಪ್ರವಾದಿಯವರ ಹೆಸರಿಗೆ ಹಚ್ಚುವುದು ಸರಿಯಲ್ಲ.

ಇನ್ನು ಕೈರೋಗೆ ಬರೋಣ. ಮಮ್ಲೂಕ್ ಸುಲ್ತಾನ ಝಾಹಿರ್ ಬೈಬರ್ಸ್ ಆಳಿದ್ದು 1260ರಿಂದ 1277ರವರೆಗೆ. ಐನ್ ಜಾಲೂತ್‌ನಲ್ಲಿ ಮಂಗೋಲರನ್ನು ಸೋಲಿಸಿದ ಸೇನೆಯ ಮುಂಚೂಣಿಯಲ್ಲಿದ್ದವನು. ಅದೇ ವರ್ಷ ತನ್ನ ಒಡೆಯ ಕುತುಝ್‌ನ ಕೊಲೆಯಲ್ಲಿ ಪಾಲುಗೊಂಡು ಗದ್ದುಗೆ ಏರಿದವನೂ ಹೌದು. ಮೆದು ಹೃದಯದ ಮನುಷ್ಯ ಎಂದು ಯಾರೂ ಹೇಳಲಾರರು. ಆದರೆ ಕೈರೋದ ಉತ್ತರ ಭಾಗದಲ್ಲಿ ತಾನು ಕಟ್ಟಿಸಿದ ಮಸೀದಿಯ ಬಳಿಯ ತೋಟವೊಂದನ್ನು ಅವನು ದಿಕ್ಕಿಲ್ಲದ ಬೆಕ್ಕುಗಳ ಹೆಸರಿಗೆ ಬರೆದಿಟ್ಟ. ಜನ ಅದನ್ನು 'ಗೈತುಲ್ ಕುತ್ತಾ' ಎಂದರು, ಬೆಕ್ಕಿನ ತೋಟ. ವಕ್ಫ್ ಎಂದರೆ ಹಾಗೆಯೇ: ಆಸ್ತಿಯನ್ನು ಮಾರುವಂತಿಲ್ಲ, ಹಂಚುವಂತಿಲ್ಲ, ಅದರ ಹುಟ್ಟುವಳಿ ಮಾತ್ರ ಹೇಳಿದ ಉದ್ದೇಶಕ್ಕೆ ಸಲ್ಲಬೇಕು. ಕೊಟ್ಟವನು ಸತ್ತರೂ ಬೆಕ್ಕಿನ ಊಟ ತಪ್ಪಬಾರದು.

ಈ ಸಂಗತಿಯನ್ನು ದಾಖಲಿಸಿದವನು ಇಂಗ್ಲಿಷ್ ವಿದ್ವಾಂಸ ಎಡ್ವರ್ಡ್ ವಿಲಿಯಂ ಲೇನ್. ಈಜಿಪ್ತಿನ ಜನಜೀವನದ ಬಗ್ಗೆ 1836ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಇದಿದೆ. ಕಾಝಿಯವರ ಹಿರಿಯ ಗುಮಾಸ್ತನಿಂದ ಅವನು ಇದನ್ನು ಕೇಳಿ ತಿಳಿದ. ಬೆಕ್ಕುಗಳ ಊಟವನ್ನಂತೂ ಅವನು ಕಣ್ಣಾರೆ ಕಂಡಿದ್ದ. ಕಾಝಿಯ ನ್ಯಾಯಾಲಯದ ಮುಂದಿನ ದೊಡ್ಡ ಅಂಗಳಕ್ಕೆ ದಿನವೂ ಮಧ್ಯಾಹ್ನದ ಹೊತ್ತು ಕಳೆದ ಮೇಲೆ ಕರುಳು, ಬೋಟಿ ಮುಂತಾದವನ್ನು ತಂದು, ಬೆಕ್ಕುಗಳನ್ನು ಕರೆದು ಬಡಿಸುತ್ತಿದ್ದರು.

ಆದರೆ ಆ ಹೊತ್ತಿಗೆ ತೋಟ ಎಲ್ಲಿತ್ತು? ತೋಟ ಹಾಳಾಗಿದೆ, ಸರಿಪಡಿಸಲು ಬಹಳ ಖರ್ಚು ಬೀಳುತ್ತದೆ ಎಂಬ ನೆಪ ಹೇಳಿ ಮುತವಲ್ಲಿಗಳು ಅದನ್ನು ಮಾರಿಯಾಗಿತ್ತು. ಕೊಂಡವರೂ ಮತ್ತೆ ಮತ್ತೆ ಕೈ ಬದಲಾಯಿಸಿದ್ದರು. ಬೆಕ್ಕುಗಳ ಪಾಲಿಗೆ ಉಳಿದದ್ದು ವರ್ಷಕ್ಕೆ 15 ಪಿಯಾಸ್ಟರ್ ನೆಲಬಾಡಿಗೆ. ಆಗಿನ ಲೆಕ್ಕದಲ್ಲಿ ಇಂಗ್ಲೆಂಡಿನ ಸುಮಾರು 3 ಶಿಲ್ಲಿಂಗ್. ಈ ನೆಪ ನಮ್ಮ ಓದುಗರಿಗೆ ಹೊಸತೇನಲ್ಲ. ಬೆಕ್ಕುಗಳು ಕೋರ್ಟಿಗೆ ಹೋಗುವುದಿಲ್ಲ, ಅನಾಥರೂ ಹಾಗೆಯೇ.

ಎಲ್ಲ ಧರ್ಮದತ್ತಿಗಳಿಗೂ ಕಾಝಿಯೇ ಪಾಲಕ. ಹಿಂದಿನವರ ಬೇಜವಾಬ್ದಾರಿಯ ಭಾರ ಅವರ ಕಿಸೆಯ ಮೇಲೆ ಬಿತ್ತು. ಊಟದ ವ್ಯವಸ್ಥೆಯೂ ಕ್ರಮೇಣ ಸೊರಗಿತೆಂದು ಲೇನ್ ಬರೆಯುತ್ತಾನೆ. ಅದರ ಮೇಲೆ ಇನ್ನೊಂದು ಕಾಟ: ಬೆಕ್ಕು ಬೇಡವಾದವರೆಲ್ಲ ಅದನ್ನು ತಂದು ಕಾಝಿಯ ಅಂಗಳದಲ್ಲೇ ಬಿಟ್ಟುಹೋಗುತ್ತಿದ್ದರು!

ಮಸೀದಿಯ ಪಾಡೂ ಚೆನ್ನಾಗಿರಲಿಲ್ಲ. ನೆಪೋಲಿಯನ್ನನ ಸೈನಿಕರು ಅದನ್ನು ಕೋಟೆ ಮಾಡಿಕೊಂಡರು. ಆಮೇಲೆ ಅದು ಸಾಬೂನು ಕಾರ್ಖಾನೆಯಾಯಿತು, ಬ್ರಿಟಿಷರ ಕಾಲದಲ್ಲಿ ಕಸಾಯಿಖಾನೆಯೂ ಆಯಿತು. ಬೆಕ್ಕುಗಳಿಗೆ ಸುಲ್ತಾನನ ತೋಟಕ್ಕಿಂತ ಅದೇ ಹೆಚ್ಚು ಲಾಭದ್ದಾಗಿದ್ದರೂ ಆಶ್ಚರ್ಯವಿಲ್ಲ. ದೀರ್ಘ ದುರಸ್ತಿಯ ಬಳಿಕ 2023ರಲ್ಲಿ ಮಸೀದಿ ಮತ್ತೆ ನಮಾಝಿಗೆ ತೆರೆದಿದೆ.

ಲೇನ್‌ನ ಪುಸ್ತಕದಲ್ಲಿ ಇನ್ನೊಬ್ಬಾಕೆ ಸಿಗುತ್ತಾಳೆ. ಹಜ್ಜ್ ಕಾಲದ ಮಹ್ಮಲ್ ಮೆರವಣಿಗೆಯಲ್ಲಿ ಕೆಲವು ವರ್ಷ ಕಾಣಿಸಿಕೊಳ್ಳುತ್ತಿದ್ದ ಮುದುಕಿ, ತಲೆಯ ಮೇಲೆ ವಸ್ತ್ರವಿಲ್ಲ, ಮೈಮೇಲೆ ಒಂದು ಅಂಗಿ ಮಾತ್ರ. ಅವಳ ಹೆಸರಿಗೆ ತೋಟವೂ ಇಲ್ಲ, ದತ್ತಿಪತ್ರವೂ ಇಲ್ಲ. ಒಂಟೆಯ ಮೇಲೆ ಅವಳ ಸುತ್ತ ಯಾವಾಗಲೂ ಐದಾರು ಬೆಕ್ಕುಗಳು ಕುಳಿತಿರುತ್ತಿದ್ದವು. ಜನ ಅವಳನ್ನು 'ಉಮ್ಮುಲ್ ಕುತತ್' ಎಂದು ಕರೆಯುತ್ತಿದ್ದರು, ಬೆಕ್ಕುಗಳ ತಾಯಿ.